ಉಪ್ಪು ಹಾಕಿದ ಕುಲ್ಫಿ

ಗುಡಗೇರಿ,
೧೨ ಏಪ್ರಿಲ್ ೨೦೨೫

ಪ್ರೀತಿಯ ತಮ್ಮಾ ಸಂಗನಬಸವಾ,

ಆರಾಮ ಇದ್ದೀಯಾ? ಬೇಸಗೆ ಬಂತೆಂದರೆ ನಿನ್ನ ಮೂಗಿನಿಂದ ರಕ್ತ ಬರುತ್ತಿತ್ತು, ಈಗಲೂ ಬರುತ್ತದೋ ಏನೋ. ಇಲ್ಲಿ ಅವ್ವನ ಮೊಣಕಾಲು ನೋವು ಬಿಟ್ಟರೆ ಎಲ್ಲರೂ ಕ್ಷೇಮ. ಆರು ವರ್ಷದಿಂದ ನಿನ್ನ ಫೋನು ಹತ್ತುವುದಿಲ್ಲ, ಅದಕ್ಕೇ ಈ ಕಾಗದ.

ನನಗೊಂದು ಸಂಶಯ ಬಂದಿದೆ. ಸಂಶಯ ಬಂದರೆ ನನಗೆ ಊಟ ಸೇರುವುದಿಲ್ಲ, ನಿನಗೆ ಗೊತ್ತಲ್ಲ. ಅಪ್ಪ ಹೋದ ಮೇಲೆ ಸಂತೆಯಲ್ಲಿ ನಮ್ಮ ಗಡಿಗೆ ಕುಲ್ಫಿ ಮಾರುವುದು ನಿಂತೇಹೋಯಿತು. ಸಂತೆಯಲ್ಲಿ ಈಗ ಸಿಗುವುದೆಲ್ಲ ಬಣ್ಣದ ಕಾಗದ ಸುತ್ತಿದ ಐಸ್‌ಕ್ರೀಮು. ಸಿಹಿ ಒಂದೇ, ರುಚಿ ಇಲ್ಲ. ಹೀಗಿರುವಾಗ ಮೂರು ವಾರದಿಂದ ಹಜರತಅಲಿ ಎಂಬವನು ಸಂತೆಯಲ್ಲಿ, ಸ್ಟೇಷನ್ನಿನ ಬಾಜು ಕುಲ್ಫಿ ಗಾಡಿ ಹಚ್ಚುತ್ತಿದ್ದಾನೆ. ಅದೇ ಮಣ್ಣಿನ ಗಡಿಗೆ, ಅದೇ ತಗಡಿನ ಅಚ್ಚು. ಒಂದು ತಿಂದು ನೋಡಿದೆ. ಸಿಹಿಯ ಹಿಂದೆಯೇ ನಾಲಿಗೆಗೆ ಉಪ್ಪು ಹತ್ತಿತು.

ಕುಲ್ಫಿಗೆ ಉಪ್ಪು ಯಾರು ಹಾಕುತ್ತಾರೆ, ಹೇಳು. ಉಪ್ಪು ಹಾಕುವುದು ತಂಪು ಹೆಚ್ಚಲೆಂದು ಗಡಿಗೆಯ ಬರ್ಫಕ್ಕೆ, ಅಚ್ಚಿನ ಹಾಲಿಗಲ್ಲ. ಐದನೇ ಇಯತ್ತೆಯಲ್ಲಿದ್ದಾಗ ನೀನು ಅದನ್ನು ಹಾಲಿಗೆ ಬೀಳಿಸಿದ್ದೆ. ಅಪ್ಪ ಬೈಯಲಿಲ್ಲ. "ಹಾಲು ಚೆಲ್ಲಬಾರ್ದು, ಹಂಗ ಮಾರೂಣು" ಅಂದ. ಮುಂದಿನ ಸಂತೆಗೆ ಜನ ಅದನ್ನೇ ಹುಡುಕಿಕೊಂಡು ಬಂದರು. ಆಮೇಲೆ ದಿನಾ ಒಂದು ಚಿಟಿಕೆ. "ಮನಿ ಬಿಟ್ಟು ಹೊರಗ ಬಾಯಿ ಬಿಡಬ್ಯಾಡ್ರಿ" ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದ.

ಹಜರತಅಲಿಯನ್ನು ಬಿಡದೆ ಕೇಳಿದೆ. "ಮಾಡಾವ್ರು ಬ್ಯಾರೆ ಅದಾರ್ರಿ ಅಕ್ಕಾರ, ನಾ ಬರೇ ಮಾರಾಂವ" ಅಂದ. ಯಾವ ಊರವರು ಎಂದರೆ ಮೊದಲ ವಾರ ಕುಂದಗೋಳ, ಎರಡನೇ ವಾರ ಶಲವಡಿ. ಸುಳ್ಳು ಹೇಳುವವನಿಗೆ ನೆನಪಾದರೂ ಚೆನ್ನಾಗಿರಬೇಕು. ಒಂದು ಕುಲ್ಫಿಯನ್ನು ಅವ್ವನಿಗೆ ತಂದುಕೊಟ್ಟೆ. ಪೂರ್ತಿ ತಿಂದಳು, ಕಡ್ಡಿ ತೊಳೆದು ದೇವರ ಜಗುಲಿಯ ಮೇಲಿಟ್ಟಳು. ಅವಳಿಗೂ ಸಂಶಯ ಬಂದಿದೆ, ನನ್ನೆದುರು ಹೇಳುತ್ತಿಲ್ಲ.

ಹೇಳುವುದಾದರೂ ಹೇಗೆ? ಅಪ್ಪನ ಮಣ್ಣಿಗೆ ನೀನು ತಡವಾಗಿ ಬಂದಾಗ "ಈಗ್ಯಾಕ ಬಂದಿ, ಹೋಗು" ಎಂದವಳು ನಾನೇ. ನೀನು ನೀರೂ ಮುಟ್ಟದೆ ಹೊರಟುಹೋದೆ. ಸುದ್ದಿಯೇ ನಿನಗೆ ತಡವಾಗಿ ಮುಟ್ಟಿತ್ತು ಎಂದು ಆಮೇಲೆ ಗೊತ್ತಾಯಿತು. ತಪ್ಪು ನನ್ನದು ತಮ್ಮಾ. ಆರು ವರ್ಷ ಅದನ್ನು ಯಾರ ಮುಂದೆಯೂ ಒಪ್ಪಿಕೊಂಡಿಲ್ಲ, ಈಗ ನಿನಗೆ ಬರೆಯುತ್ತಿದ್ದೇನೆ.

ಅವ್ವನ ಆಶೀರ್ವಾದ ನಿನ್ನ ಮೇಲಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಮಹಾನಂದಾ

ತಾ.ಕ.: ಈ ಕಾಗದವನ್ನು ಈಗ ಸಂತೆಯಲ್ಲಿ ಹಜರತಅಲಿಯ ಕೈಗೆ ಕೊಟ್ಟು, "ನಮ್ಮ ತಮ್ಮಗ ಮುಟ್ಟಸು" ಅಂದೆ. ಯಾವ ತಮ್ಮ, ಎಲ್ಲಿರುತ್ತಾನೆ, ಒಂದನ್ನೂ ಕೇಳಲಿಲ್ಲ. "ಆತ್ರಿ ಅಕ್ಕಾರ" ಎಂದು ಕಿಸೆಗೆ ಹಾಕಿಕೊಂಡ. ಎರಡು ಸಾಲು ಬಾಕಿ ಇದೆ ಎಂದು ತಿರುಗಿ ಇಸಿದುಕೊಂಡು, ಅವನ ಗಾಡಿಯ ಮೇಲೆಯೇ ಬರೆಯುತ್ತಿದ್ದೇನೆ. ಅವನು ನನ್ನ ಮುಖ ನೋಡುತ್ತಿಲ್ಲ. ಮುಂದಿನ ಸಂತೆಗೆ ಅವ್ವನನ್ನು ಕರೆದುಕೊಂಡು ಬರುತ್ತೇನೆ. ಗಾಡಿ ನೀನೇ ತಳ್ಳಿಕೊಂಡು ಬಾ.