ಕರ್ಪೂರದ ಮರದ ತಂತಿ

ಅಪ್ಪ,

ನೀನು ಹೋದ ಮೇಲೆ ಹೆತ್ತೂರಿನ ಈ ಬ್ರಿಟಿಷರ ಕಾಲದ ಸಸ್ಯತೋಟದಲ್ಲಿ ನಿನ್ನ ಕೆಲಸ ನನಗೇ ಬಂತು. ಇವತ್ತು ಅಲ್ಲಿ ಜಗಳ ಮಾಡಿಕೊಂಡೆ. ಮೇಸ್ತ್ರಿ ದೇವೇಂದ್ರ ಮರಗಳ ಹೆಸರಿನ ತಗಡುಗಳನ್ನು ತಂತಿ ಬಿಗಿದು ಕಟ್ಟಿಸಿದ್ದಾನೆ. ಕರ್ಪೂರದ ಮರದ ತೊಗಟೆಯೊಳಗೆ ತಂತಿ ಹೂತೇಹೋಗಿದೆ.

"ಮರ ದಪ್ಪ ಆಯ್ತದೆ ಕಣ್ರೀ, ವರ್ಷವರ್ಷ ಸಡಿಲ ಮಾಡ್ಬೇಕು. ನಮ್ಮಪ್ಪ ಮಾಡ್ತಿದ್ದ," ಅಂದೆ.

"ತಗಡು ಬಿದ್ದೋದ್ರೆ ಸಾಹೇಬ್ರಿಗೆ ನೀನ್ ಉತ್ರ ಹೇಳ್ತೀಯೇನಮ್ಮ?" ಅಂದ.

ನಾನೇ ಕಟಿಂಗ್ ಪ್ಲೇಯರ್ ತಂದು ಕತ್ತರಿಸಿದೆ. ಬೆರಳು ಕುಯ್ದುಕೊಂಡಿತು. ಸಿಟ್ಟು ಅವನ ಮೇಲೋ ನಿನ್ನ ಮೇಲೋ ಗೊತ್ತಾಗಲಿಲ್ಲ. ಮುಂಗಾರಿಗೆ ಮುಂಚೆ ಒಂದೊಂದು ಮರದ ಹತ್ತಿರವೂ ನಿಂತು, ತಂತಿಯೊಳಗೆ ಬೆರಳು ಆಡಿಸಿ ನೋಡುತ್ತಿದ್ದವನು ನೀನು. ನಾನು ಹಾಸನಕ್ಕೆ ಕಾಲೇಜಿಗೆ ಹೋಗುತ್ತೇನೆ ಅಂದಾಗ ಮಾತ್ರ ನೀನು, "ಎಲ್ಲೂ ಬ್ಯಾಡ, ಮನೇಲಿರು," ಅಂದೆ. ತಲೆ ಕೂಡ ಎತ್ತಲಿಲ್ಲ ನೀನು.

ಸಂಜೆ ನಿನ್ನ ಮೊಮ್ಮಗಳು ಬಿಂದು ಬಂದು, "ಹಾಸನದಲ್ಲಿ ಹಾಸ್ಟೆಲ್ ಸೇರ್ಕೊಂಡು ಓದ್ತೀನಮ್ಮ," ಅಂದಳು. ನಾನು ಬೆರಳಿಗೆ ಬಟ್ಟೆ ಸುತ್ತುತ್ತಿದ್ದೆ.

"ಎಲ್ಲೂ ಬ್ಯಾಡ, ಮನೇಲಿರು," ಅಂದೆ.

ತಲೆ ಎತ್ತುವಷ್ಟರಲ್ಲಿ ಅವಳು ಒಳಗೆ ಹೋಗಿಬಿಟ್ಟಿದ್ದಳು.