ಎರಡನೇ ಬಕೆಟ್

ಸೆಪ್ಟೆಂಬರ್ 4, ಬೆಳಿಗ್ಗೆ

ಮನುಕುಲದ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಬೇಕಾದ ಘಟನೆಯೊಂದು ಇಂದು ಜರುಗಿತು. ನಾನು ಬಕೆಟ್ ಕೊಂಡೆ. ನೀಲಿ ಬಣ್ಣ, ಗಟ್ಟಿ ಹಿಡಿಕೆ. ಇಷ್ಟು ದಿನ ಮಗಳ ಬಕೆಟ್ಟೇ ಗತಿಯಾಗಿತ್ತು. ನನ್ನ ಸ್ನಾನ ಮುಗಿಯುವಷ್ಟರಲ್ಲಿ ಹಾಸ್ಟೆಲ್‌ನ ಬಿಸಿನೀರೂ ಮುಗಿದು, ಅವಳು ತಣ್ಣೀರಿನಲ್ಲಿ ಹಲ್ಲು ಕಡಿಯುತ್ತಿದ್ದಳು. ಇನ್ನು ನಾನು ಸ್ವತಂತ್ರ ರಾಷ್ಟ್ರ.

ಬಕೆಟ್ ಮಟ್ಟಿಗೆ ಮಾತ್ರ. ವಿಶ್ವವಿದ್ಯಾಲಯ ನನಗೆ ಲೈಬ್ರರಿ ಸೈನ್ಸ್‌ನಲ್ಲಿ ಸೀಟು ಕೊಟ್ಟಿದೆ, ತಲೆಯ ಮೇಲೆ ಸೂರು ಕೊಟ್ಟಿಲ್ಲ. ಹಾಸ್ಟೆಲ್‌ಗೆ ವಯಸ್ಸಿನ ಮಿತಿ ಮೂವತ್ತು. ಆ ಮಿತಿ ದಾಟಿ ನಾನು ಎಷ್ಟು ದೂರ ಬಂದಿದ್ದೇನೆಂದರೆ, ತಿರುಗಿ ನೋಡಿದರೂ ಕಾಣುವುದಿಲ್ಲ. ಹಾಗಾಗಿ ಫೈನಲ್ ಇಯರ್ ಮಗಳ ಸಿಂಗಲ್ ರೂಮಿನಲ್ಲಿ, ಮಂಚಕ್ಕೂ ಮೇಜಿಗೂ ನಡುವೆ ನನ್ನ ಚಾಪೆ. ಮಗಳನ್ನು ನೋಡಲು ಬಂದ ತಾಯಿ ಎರಡು ರಾತ್ರಿ ಉಳಿಯಬಹುದು ಎಂದು ನಿಯಮ. ನಾನು ಇನ್ನೂ ನೋಡುತ್ತಲೇ ಇದ್ದೇನೆ.

"ಅಮ್ಮಾ, ಗೇಟಲ್ಲಿ ಕಳ್ಳಿ ಥರ ನಡೀಬೇಡ. ಲೆಕ್ಚರರ್ ಥರ ನಡಿ. ಅವ್ರನ್ನ ಯಾರೂ ಕೇಳಲ್ಲ."

ನಡೆದೆ. ವಾಚ್‌ಮನ್ ಎದ್ದು ಸೆಲ್ಯೂಟ್ ಹೊಡೆದ. ಗಾಬರಿಯಲ್ಲಿ ನಾನೂ ಹೊಡೆದೆ.

ಸೆಪ್ಟೆಂಬರ್ 6

ಕ್ಲಾಸ್ ಮುಗಿಸಿ ಮನೆ ಬೇಟೆ.

ಮೊದಲು ಒಂದು ಲೇಡೀಸ್ ಪಿ.ಜಿ. ನನ್ನನ್ನು ಕಂಡದ್ದೇ ತಡ, ಯಜಮಾನಿಯ ಮುಖ ಅರಳಿತು.

"ಬನ್ನಿ ಬನ್ನಿ, ನಿಮಗೇ ಕಾಯ್ತಿದ್ದೆ. ಅಡುಗೆಮನೆ ಆ ಕಡೆ."

"ನಾನು ರೂಮಿಗೆ..."

"ರೂಮು ಫ್ರೀ ಕಣಮ್ಮ. ಊಟಾನೂ ಫ್ರೀ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದ್ರಾಯ್ತು. ಎಷ್ಟು ಜನಕ್ಕೆ ಮಾಡಿ ಅಭ್ಯಾಸ?"

ಸ್ಟೂಡೆಂಟ್ ಎಂದೆ. ಅರಳಿದ್ದು ಮುದುಡಿತು. "ಅಯ್ಯೋ, ನಿಮ್ಮನ್ನ ನೋಡಿದ್ರೆ ನಮ್ಮ ಹುಡುಗೀರು ಓಡಿ ಹೋಗ್ತಾರೆ. ಅಮ್ಮಂದಿರನ್ನ ತಪ್ಪಿಸ್ಕೊಳ್ಳೋಕೆ ತಾನೇ ಅವ್ರು ಇಲ್ಲಿಗೆ ಬಂದಿರೋದು!"

ಆಮೇಲೆ ಸೈಕಲ್ ಅಂಗಡಿಯ ಮಹಡಿಯ ಮೇಲೊಂದು ಕೋಣೆ. ಕಿಟಕಿ ತುಂಬ ಬೆಳಕು. ಗೋಡೆಯಲ್ಲಿ ಪುಸ್ತಕಕ್ಕೆಂದೇ ಮಾಡಿದಂಥ ಗೂಡು. ನಾನು ನಿಂತಿದ್ದೆ, ಮನಸ್ಸು ಆಗಲೇ ಚಾಪೆ ಹಾಸಿ ಕೂತಿತ್ತು. ಮಾಲೀಕರು ರಿಟೈರ್ಡ್ ಹೆಡ್‌ಮಾಸ್ಟರು.

"ಯಜಮಾನ್ರು?"

"ಊರಲ್ಲಿ ಸಾರ್. ವಾಚ್ ರಿಪೇರಿ ಅಂಗಡಿ."

"ಫ್ಯಾಮಿಲಿ ಅಂದ್ರೆ ಯಜಮಾನ್ರು ಬಂದು ಮಾತಾಡ್ಬೇಕು. ಸ್ಟೂಡೆಂಟ್ ಅಂದ್ರೆ ಗಾರ್ಡಿಯನ್ ಬರ್ಬೇಕು. ನೀವು ಎರಡ್ರಲ್ಲಿ ಯಾವ್ದು?"

"ಎರಡೂ."

ಸಿಲಬಸ್‌ನಲ್ಲಿಲ್ಲದ ಪ್ರಶ್ನೆ ಬಂದಂತೆ ನೋಡಿದರು. ಗಂಡನ ಕಾಲು ಮುರಿದು ಪ್ಲಾಸ್ಟರ್ ಹಾಕಿದೆ, ಫೋನಿನಲ್ಲಿ ಮಾತಾಡಿಸುತ್ತೇನೆ ಎಂದೆ.

"ಫೋನಲ್ಲಿ ಯಾರು ಬೇಕಾದ್ರೂ ಗಂಡ ಆಗ್ಬಹುದಮ್ಮ. ಮುಖ ನೋಡ್ದೆ ನಾನು ಬೀಗದ ಕೈ ಕೊಡೋನಲ್ಲ."

ರೂಮಿಗೆ ಬಂದು ಮಗಳ ಮುಂದೆ ಎಲ್ಲ ಅಭಿನಯಿಸಿ ತೋರಿಸಿದೆ. ಹೆಡ್‌ಮಾಸ್ಟರಿಗೆ ಬಿದ್ದು ಬಿದ್ದು ನಕ್ಕಳು. ಪಿ.ಜಿ. ಯಜಮಾನಿಯ ಮಾತಿಗೆ ನಗಲಿಲ್ಲ.

ಸೆಪ್ಟೆಂಬರ್ 7

ಇವರಿಗೆ ಫೋನು.

"ಆಗಲ್ಲ ಅಂದ್ರೆ ವಾಪಸ್ ಬಂದ್ಬಿಡೇ. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ಯಾರು ರಜೆ ಕೊಡ್ತಾರ್ರೀ?"

ಅವರಿಗೂ ಗೊತ್ತು. ಶಾಲೆಯ ಲೈಬ್ರರಿಯಲ್ಲಿ ಅಟೆಂಡರ್ ನಾನು. ಓದಲೆಂದು ರಜೆ ಕೊಡುವುದು ಒಂದೇ ಸಲ. ಈಗ ಬಿಟ್ಟರೆ ರಿಟೈರ್ ಆಗುವವರೆಗೂ ಪುಸ್ತಕದ ಧೂಳು ಹೊಡೆಯುವುದೇ. ಒಳಗೇನಿದೆ ಎಂದು ಮಕ್ಕಳು ಕೇಳಿದರೆ "ಲೈಬ್ರೇರಿಯನ್ ಮೇಡಂ ಬರ್ಲಿ" ಎನ್ನುವುದೇ.

ಸೆಪ್ಟೆಂಬರ್ 13

ಬರೆಯಲು ಮನಸ್ಸಾಗಲಿಲ್ಲ. ತಟ್ಟಿದ ಬಾಗಿಲುಗಳು ಎಷ್ಟೋ. ಒಂದು ಕಡೆ ಕಿಟಕಿಯೇ ಇಲ್ಲ. ಇನ್ನೊಂದು ಕಡೆ ಕಿಟಕಿ ಇದೆ, ಗೋಡೆ ಇರುವುದೇ ಅನುಮಾನ. ಮತ್ತೊಬ್ಬರು "ಒಬ್ರೇ ಹೆಂಗಸು ಅಂದ್ರೆ..." ಎಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಬಾಗಿಲನ್ನು ಪೂರ್ತಿ ಹಾಕಿದರು.

ಸಂಜೆ ಕಾರಿಡಾರಿನಲ್ಲಿ ಮಗಳು ಗೆಳತಿಯರ ಜೊತೆ ನಗುತ್ತಿದ್ದಳು. ಎಂಥ ನಗು! ಒಳಗೆ ಬಂದಳು, ಬಾಗಿಲು ಹಾಕಿದಳು, ದನಿ ತಗ್ಗಿಸಿ "ಊಟ ಆಯ್ತಾ" ಎಂದಳು. ತನ್ನ ರೂಮಿನಲ್ಲೇ ಪಿಸುಗುಡುತ್ತಾಳೆ. ಫ್ರೆಂಡ್ಸ್ ಈಚೆಗೆ ಯಾರೂ ಒಳಗೆ ಬಂದದ್ದಿಲ್ಲ. ಎದ್ದು ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸಿದೆ. ಫಳಫಳ.

ಸೆಪ್ಟೆಂಬರ್ 18, ಮಧ್ಯಾಹ್ನ

ಕೆಳಗಿಳಿಯುವ ಮುನ್ನ ನಾಲ್ಕು ಸಾಲು. ಬರೆದರೆ ಧೈರ್ಯ ಬಂದೀತು.

ಕ್ಲಾಸಿನಿಂದ ಬಂದರೆ ನನ್ನ ಬಕೆಟ್ ಕಾಣಲಿಲ್ಲ. ಮಗಳದ್ದರಲ್ಲೇ ತಲೆಸ್ನಾನ ಮಾಡಿ ಮಂಚದ ಮೇಲೆ ಕೂದಲು ಒಣಗಿಸುತ್ತಿದ್ದೆ. ಫೋನು. ಹೊಸ ನಂಬರ್.

"ನಾನು ಹಾಸ್ಟೆಲ್ ವಾರ್ಡನ್. ಹುಡುಗಿ ತಾಯಿ ತಾನೇ?"

ವಾರ್ಡನ್ ಆಫೀಸು ಇರುವುದು ಈ ರೂಮಿನ ಕೆಳಗೇ. ಅವರ ದನಿ ಫೋನಿನಲ್ಲೂ ಕೇಳುತ್ತಿತ್ತು, ಕಿಟಕಿಯಲ್ಲೂ. "ಹೌದು ಮೇಡಂ," ಎಂದು ಪಿಸುಗುಟ್ಟಿದೆ.

"ಸ್ವಲ್ಪ ಜೋರಾಗಿ ಮಾತಾಡಿ! ನಿಮ್ಮ ಮಗಳು ರೂಮಲ್ಲಿ ಯಾರನ್ನೋ ಇಟ್ಕೊಂಡಿದ್ದಾಳೆ. ರೂಮ್ ಚೆಕ್ ಮಾಡಿದ್ರೆ ಒಬ್ಬಳೇ ಹುಡುಗಿ, ಎರಡು ಬಕೆಟ್. ಸಾಲದ್ದಕ್ಕೆ ಕಿಟಕಿ ಸರಳು ಒರೆಸಿದೆ! ನನ್ನ ಸರ್ವೀಸಲ್ಲಿ ಯಾವ ಹುಡುಗೀನೂ ಕಿಟಕಿ ಸರಳು ಒರೆಸಿದ್ದಿಲ್ಲ. ಬೆಳಿಗ್ಗೆಯಿಂದ ಕೇಳ್ತಿದ್ದೀನಿ, ಬಾಯಿ ಬಿಡ್ತಿಲ್ಲ. ಹೆಸರು ಹೇಳ್ದೆ ಇದ್ರೆ ಅವಳ ಸೀಟ್ ಕ್ಯಾನ್ಸಲ್. ಬಂದು ಬುದ್ಧಿ ಹೇಳಿ. ಊರಿಂದ ಎಷ್ಟೊತ್ತಾಗತ್ತೆ?"

"ಈಗ ಹೊರಟೆ ಮೇಡಂ."

ಅದೇ ದಿನ, ಸಂಜೆ

ಒದ್ದೆ ತಲೆಯಲ್ಲೇ ಇಳಿದೆ. ಊರಿಂದ ಬಂದು ತಲುಪಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಮೇಜಿನ ಮೇಲೆ ಸಾಕ್ಷಿಯಾಗಿ ನೀಲಿ ಬಕೆಟ್. ಎದುರಿಗೆ ತಲೆ ತಗ್ಗಿಸಿ ನಿಂತ ಮಗಳು.

"ಯಾರು ನೀವು?"

"ಬುದ್ಧಿ ಹೇಳೋಕೆ ಕರೆದ್ರಲ್ಲ... ಆ ಬಕೆಟ್ಟೂ ನಂದೇ ಮೇಡಂ."

ವಾರ್ಡನ್ ನನ್ನ ಕೂದಲಿನಿಂದ ತೊಟ್ಟಿಕ್ಕುವ ನೀರು ನೋಡಿದರು, ಬಕೆಟ್ ನೋಡಿದರು. "ಅಂದ್ರೆ... ನೀವು ಗಾರ್ಡಿಯನ್ನೋ, ಗೆಸ್ಟೋ?"

"ಎರಡೂ." ಇತ್ತೀಚೆಗೆ ನನಗೆ ಬರುವುದು ಇದೊಂದೇ ಉತ್ತರ.

ಮಗಳು ಸಿಡಿದಳು. "ಯಾಕಮ್ಮ ಬಂದೆ? ನಾನು ಹೇಗೋ ಸುಧಾರಿಸ್ತಿದ್ದೆ."

"ನಿನ್ನ ಸೀಟು ಹೋಗ್ತಿತ್ತಲ್ಲೇ!"

"ನಂದು ಹೋದ್ರೆ ಯಾವ ಪಿ.ಜಿ.ಯಲ್ಲಾದ್ರೂ ಇರ್ತೀನಿ. ನಿಂದು ಹೋದ್ರೆ ಇನ್ನೊಂದ್ಸಲ ಬರ್ತೀಯಾ ನೀನು?"

ವಾರ್ಡನ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕೊನೆಗೆ ತೀರ್ಪು: ಮಗಳ ಸೀಟು ಉಳಿಯಿತು. ನಾನು ನಾಳೆ ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು. ಬಕೆಟ್ ಮುಟ್ಟುಗೋಲು. "ಏನಾದ್ರೂ ಒಂದು ಶಿಕ್ಷೆ ಕೊಡ್ಲೇಬೇಕಲ್ಲ," ಎಂದು ನನ್ನನ್ನೇ ಸಮಾಧಾನ ಮಾಡಿದರು.

ಸೆಪ್ಟೆಂಬರ್ 19

ಬೆಳಿಗ್ಗೆ ಮಗಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಬಿಗಿಯಾಗಿ ಜಡೆ ಹಾಕಿ, "ನಡಿ" ಎಂದಳು. ನೇರ ಸೈಕಲ್ ಅಂಗಡಿಯ ಮಹಡಿಗೆ.

"ಗಾರ್ಡಿಯನ್ ಎಲ್ಲಮ್ಮ?" ಹೆಡ್‌ಮಾಸ್ಟರು ನನ್ನ ಹಿಂದೆ ಇಣುಕಿದರು.

"ನಾನೇ ಸಾರ್. ಮಗಳು."

ಮುದುಕರು ಬಹಳ ಹೊತ್ತು ಅವಳನ್ನು ನೋಡಿದರು. ಆಮೇಲೆ, ಹಳೆಯ ಅಭ್ಯಾಸ, ಕುರ್ಚಿ ತೋರಿಸಿ ಶುರುಮಾಡಿದರು.

"ಓದೋದ್ರಲ್ಲಿ ಹೇಗೆ?"

"ಜಾಣೆ ಸಾರ್. ಸ್ವಲ್ಪ ಪುಕ್ಕಲು. ಗದರಿದ್ರೆ ಅತ್ತುಬಿಡ್ತಾಳೆ, ಮೆಲ್ಲಗೆ ಹೇಳಿದ್ರೆ ಕೇಳ್ತಾಳೆ."

"ಸಹವಾಸ?"

"ಇನ್ನೂ ಯಾರೂ ಪರಿಚಯ ಇಲ್ಲ. ಆಗ್ತಾರೆ. ಹೊತ್ತಿಗೆ ಸರಿಯಾಗಿ ತಿನ್ನಲ್ಲ, ಅದೊಂದು ನೋಡ್ಕೊಳ್ಳಿ ಸಾರ್."

ನಾನು ಪುಸ್ತಕದ ಗೂಡಿನ ಕಡೆ ತಿರುಗಿ ನಿಂತೆ. ಮೊದಲ ವರ್ಷ ಇವಳನ್ನು ಹಾಸ್ಟೆಲ್‌ಗೆ ಬಿಡಲು ಬಂದಾಗ ಆಗಿನ ವಾರ್ಡನ್ ಮುಂದೆ ನಾನು ಹೇಳಿದ ಮಾತುಗಳು. ಒಂದಕ್ಷರ ಬಿಟ್ಟಿಲ್ಲ, ಕಳ್ಳಿ.

ಹೆಡ್‌ಮಾಸ್ಟರು ಬೀಗದ ಕೈಯನ್ನು ಅವಳಿಗೆ ಕೊಟ್ಟರು. ನನಗಲ್ಲ.

ಸೆಪ್ಟೆಂಬರ್ 28, ಬೆಳಿಗ್ಗೆ

ಗೂಡಿನಲ್ಲಿ ಪುಸ್ತಕ. ಕೆಳಗೆ ಇಡೀ ದಿನ ಸೈಕಲ್ ಬೆಲ್ ಪರೀಕ್ಷೆ. ನಿನ್ನೆ ಗಾರ್ಡಿಯನ್ ಇನ್‌ಸ್ಪೆಕ್ಷನ್‌ಗೆ ಬಂದಿದ್ದರು, ಮೂವರು ಗೆಳತಿಯರ ಸಮೇತ. ಜೋರಾಗಿ ನಕ್ಕರು. ಕಿಟಕಿಯ ಸರಳಿಗೆ ಬೆರಳಾಡಿಸಿ, ಧೂಳು ಕಂಡು "ವೆರಿ ಗುಡ್" ಎಂದರು.

ಇಂದು ಡೈರಿ ತೆಗೆದರೆ ಹಾಳೆಗಳ ನಡುವೆ ಬಿಸ್ಕತ್ತಿನ ಪುಡಿ. ನಾನು ಬಿಸ್ಕತ್ತು ತಿನ್ನುವುದಿಲ್ಲ.

ಓದಿದ್ದು ಓದಿದ್ದಾಯಿತು, ಮಗಳೇ. ಒಂದು ಉಪಕಾರ ಮಾಡು. ವಾರ್ಡನ್ ಆಫೀಸಿನ ಮೂಲೆಯಲ್ಲಿ ನನ್ನ ನೀಲಿ ಬಕೆಟ್ ಇದೆ. ಮುಂದಿನ ಸಲ ಬರುವಾಗ ಕೇಳಿ ತಾ. ಕೊಡಲ್ಲ ಅಂದರೆ ಗಾರ್ಡಿಯನ್ ಎಂದು ಹೇಳು. ಇಲ್ಲಿ ನಲ್ಲಿ ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು, ಸದ್ಯಕ್ಕೆ ಅಡುಗೆ ಪಾತ್ರೆಯಲ್ಲೇ ಹಿಡಿದು — ಅಯ್ಯೋ, ನೀರು ಬಂತು —