ನೋಟಿಸ್ ಬೋರ್ಡಿನ ಮೇಲಿನ ಲೈಸೆನ್ಸ್

ಮಾರ್ಚ್ 3, ಬೆಳಿಗ್ಗೆ

ಮಿಲ್ಲಿನ ಬಣ್ಣದ ಶೆಡ್ಡಿಗೆ ಹೊಗೆ ಎಳೆಯುವ ಫ್ಯಾನ್ ಹಾಕಿಸುತ್ತೇವೆ ಎಂದರು ಮಾಲೀಕರು. ಹಾಕಿಸಲಿಲ್ಲ. ಮೊಣಕೈವರೆಗೆ ಕೈಗವಸು ಎಂದರು. ಬಂದದ್ದು ಮಣಿಕಟ್ಟೂ ಮುಚ್ಚದ ತೆಳು ಪ್ಲಾಸ್ಟಿಕ್. ಕೆಮ್ಮುವವರಿಗೆ ಡಾಕ್ಟರ್ ಎಂದರು. ಡಾಕ್ಟರ್ ಬಂದ, ಮ್ಯಾನೇಜರನ ಬಿಪಿ ನೋಡಿ ಹೋದ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದರು. ಕೆಮ್ಮುವವರನ್ನೇ ಹುಡುಕಿ ಹುಡುಕಿ ತೆಗೆದರು.

ಇಷ್ಟನ್ನು ಟೈಪ್ ಮಾಡಲು ಕೂತೆ. ಕಾರ್ಮಿಕ ಸಂಘದ ಕಂಪ್ಯೂಟರ್ ಆನ್ ಆಗಲಿಲ್ಲ. ಒಳಗಿನಿಂದ ಟಿಕ್... ಟಿಕ್... ಹಲ್ಲಿಯ ಹಾಗೆ. ಆಮೇಲೆ ಕಪ್ಪು ಪರದೆ.

ಬಣ್ಣದ ಶೆಡ್ಡಿನವರ ಹೇಳಿಕೆಗಳೆಲ್ಲ ಅದರೊಳಗಿವೆ. ಅವರವರ ದನಿಯಲ್ಲೇ ರೆಕಾರ್ಡ್ ಮಾಡಿದ್ದು. ಗೇಟಿನಲ್ಲಿ ಫೋನ್ ಕಸಿದು ನೋಡುತ್ತಾರೆಂದು ಫೋನಿನಲ್ಲಿದ್ದದ್ದನ್ನು ಅಳಿಸಿದ್ದೆವು. ಒಂದೇ ಕಡೆ ಇರಲಿ, ಗುಟ್ಟು ಒಡೆಯದಿರಲಿ ಎಂದವರು ಅಧ್ಯಕ್ಷರು. ಹೂಂಗುಟ್ಟಿದವಳು ಕಾರ್ಯದರ್ಶಿ ನಾನು.

ಮಾರ್ಚ್ 3, ಸಂಜೆ

ರಿಪೇರಿ ಅಂಗಡಿ. ಡಬ್ಬಿ ಬಿಚ್ಚಿದ, ಕಿವಿಯಿಟ್ಟು ಕೇಳಿದ, ತುಟಿ ಸೊಟ್ಟ ಮಾಡಿದ.

"ಹಾರ್ಡ್ ಡಿಸ್ಕ್ ಹೋಯ್ತು ಮೇಡಂ."

"ಒಳಗಿರೋದು?"

"ಅದೂ ಹೋದ ಹಾಗೇ. ಹೊಸದು ಹಾಕ್ಕೊಡ್ತೀನಿ. ಮಿಷನ್ ಓಡಿಸೋ ಓಎಸ್ಸು ಮಾಮೂಲಿ ಕ್ರ್ಯಾಕ್ ಮಾಡಿದ್ದೇ ಹಾಕ್ತೀನಿ, ಬೇರೆ ಕಾಸು ಬೇಡ."

"ಬೇಡ. ಒರಿಜಿನಲ್ ಹಾಕಿ. ಬಿಲ್ ಸಮೇತ."

ನಾನೇನೋ ಹಸುವಿನ ಹಾಲು ಬಿಟ್ಟು ಹುಲಿ ಹಾಲು ಕೇಳಿದಂತೆ ನೋಡಿದ. "ಈ ಬೀದೀಲಿ ಯಾರ ಹತ್ರಾನೂ ಒರಿಜಿನಲ್ ಇಲ್ಲ ಮೇಡಂ. ಪೊಲೀಸ್ ಸ್ಟೇಷನ್ನಿಗೆ ಹಾಕಿದ್ದೂ ನಾನೇ."

ಇರಬಹುದು. ಪೊಲೀಸರ ಕಂಪ್ಯೂಟರ್ ತಪಾಸಣೆ ಕೇಳುವ ಎದೆ ಯಾರಿಗಿದೆ? ನಮ್ಮದನ್ನು ಕೇಳಿದ್ದಾರೆ. ಹಿಂದಿನ ವಿಚಾರಣೆಯಲ್ಲಿ ಮಾಲೀಕರ ವಕೀಲ ಎದ್ದು ನಿಂತು, "ಕದ್ದ ತಂತ್ರಾಂಶದಲ್ಲಿ ತಯಾರಾದ ದಾಖಲೆ ನಂಬೋದು ಹೇಗೆ ಸ್ವಾಮಿ?" ಅಂದ. ಬಣ್ಣದ ನೀರನ್ನು ಕದ್ದು ಹಳ್ಳಕ್ಕೆ ಬಿಡುವವರ ಬಾಯಲ್ಲಿ ಕಳ್ಳತನದ ಪಾಠ! ಕಾರ್ಮಿಕ ಅಧಿಕಾರಿ ತಲೆಯಾಡಿಸಿ ಬರೆದೇಬಿಟ್ಟ — ಹೇಳಿಕೆ ತಯಾರಿಸಿದ ಯಂತ್ರ, ಅದರ ಲೈಸೆನ್ಸ್, ಬಿಲ್ಲು, ಮೂರನ್ನೂ ಮುಂದಿನ ವಿಚಾರಣೆಗೆ ತರತಕ್ಕದ್ದು. ಮಾರ್ಚ್ 24.

ಶ್ವಾಸಕೋಶಕ್ಕೆ ಬಿಲ್ಲು ಕೇಳಲಿಲ್ಲ, ಪುಣ್ಯ.

ಮಾರ್ಚ್ 5

ಕಾರ್ಯಕಾರಿ ಸಭೆ. ಹೊಸ ಡಿಸ್ಕ್, ಒರಿಜಿನಲ್ ಓಎಸ್ ಕೊಳ್ಳಲು ಠರಾವು ಪಾಸ್. ಗೇಟಿನೆದುರು ಟೈಪಿಂಗ್ ಸೆಂಟರ್ ಇದೆಯಲ್ಲ ಎಂದರು ಯಾರೋ. ಅಲ್ಲಿ ಬೆಳಿಗ್ಗೆ ಕೊಟ್ಟ ಕಾಗದ ಮಧ್ಯಾಹ್ನ ಮ್ಯಾನೇಜರನ ಮೇಜಿನ ಮೇಲಿರುತ್ತದೆ. ಹೋದ ವರ್ಷ ಅನುಭವಿಸಿದ್ದೇವೆ.

ನಾವೆಲ್ಲ ಅಕ್ಕ ಅನ್ನುವವಳ ಮನೆಗೆ ಹೋದೆ. ಬಣ್ಣದ ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗಿಂತ ಮೊದಲು ಹೊರಗೆ ಹಾಕಿಸಿಕೊಂಡವಳು. ಕೈಯ ನೀಲಿ ಇನ್ನೂ ಹೋಗಿಲ್ಲ. ಬಾಗಿಲಲ್ಲೇ ವಿಷಯ ಹೇಳಿದೆ. ರೆಕಾರ್ಡ್ ಹೋಯ್ತು ಅಕ್ಕ, ಇನ್ನೊಂದು ಸಲ ಹೇಳಬೇಕು.

"ಇನ್ನೊಂದ್ ಸಲಾನಾ?" ಕೆಮ್ಮಿ ಸುಧಾರಿಸಿಕೊಂಡಳು. "ನಾನೇನು ರೇಡಿಯೋನಾ ತಂಗಿ? ಮೊದಲನೇ ಸಲ ಹೇಳೋಕೆ ಎಷ್ಟು ಉಸಿರು ಖರ್ಚಾಯ್ತು ಗೊತ್ತಾ ನಿಂಗೆ?"

"ನಮ್ಮ ಕೈಲಿರಲಿಲ್ಲ ಅಕ್ಕ, ಮಿಷನ್ನು ಕೆಟ್ಟೋಯ್ತು."

"ಮ್ಯಾನೇಜರೂ ಹಂಗೇ ಅಂದ. ಫ್ಯಾನು ಕೆಟ್ಟೋಯ್ತು ಅಂದ."

ಕಪಾಳಕ್ಕೆ ಬಿಟ್ಟಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಮ್ಯಾನೇಜರನ ಸಾಲಿನಲ್ಲಿ ನಿಲ್ಲಿಸಿದಳಲ್ಲ ನನ್ನನ್ನು!

ಮಾರ್ಚ್ 9

ಪೇಟೆಯ ದೊಡ್ಡ ಅಂಗಡಿ. ಎಸಿ, ಗಾಜು, ಕೊರಳಿಗೆ ಟ್ಯಾಗ್ ಹಾಕಿಕೊಂಡ ಹುಡುಗಿ. ನಾನು ಚಪ್ಪಲಿ ಬಿಡಲೋ ಬೇಡವೋ ಅಂತ ನಿಂತದ್ದನ್ನು ನೋಡಿ ನಕ್ಕಳು. ಒಳ್ಳೆಯವಳೇ. ಹೊಸ ಡಿಸ್ಕ್, ಒರಿಜಿನಲ್ ಓಎಸ್ ಕೊಟ್ಟಳು. ಓಎಸ್ ಡಬ್ಬಿ ಅಲ್ಲಾಡಿಸಿದೆ — ಖಾಲಿ. ಸಿಡಿ ಇಲ್ಲ, ಪುಸ್ತಕ ಇಲ್ಲ. ಒಂದು ರಟ್ಟು, ಅದರ ಮೇಲೆ ಅಕ್ಷರ, ಅಂಕೆ. ಇದೇ ಲೈಸೆನ್ಸ್ ಕೀ ಅಂತೆ, ಇದನ್ನು ಟೈಪ್ ಮಾಡಿದರೇ ಓಎಸ್ ನಡೆಯುವುದಂತೆ. ಬಿಲ್ಲಿನಲ್ಲೂ ಅದನ್ನೇ ಅಚ್ಚು ಹಾಕಿ ಕೊಟ್ಟಳು.

"ಇಷ್ಟಕ್ಕೆ ಅಷ್ಟೊಂದಾ?"

"ನೀವು ಕೊಳ್ತಿರೋದು ಸಾಫ್ಟ್‌ವೇರ್ ಅಲ್ಲ ಮೇಡಂ. ಬಳಸೋ ಅನುಮತಿ. ಒಂದು ಮಿಷನ್ನಿಗೆ ಮಾತ್ರ."

ಅಂದರೆ ದುಡ್ಡು ನಮ್ಮದು, ವಸ್ತು ಅವರದು. ಕೊಂಡ ಮೇಲೂ ಬಾಡಿಗೆಮನೆಯವರೇ ನಾವು. ದುಡಿಮೆ ಕೊಂಡು ದುಡಿದವನ ಉಸಿರನ್ನೂ ಜೇಬಿಗಿಳಿಸುವ ಮಾಲೀಕನಿಗೆ ಮಾತ್ರ ಇಂಥ ಷರತ್ತು ಯಾರೂ ಹಾಕುವುದಿಲ್ಲ.

ಆದರೂ... ಬಿಲ್ ಮಡಚಿ ಬ್ಯಾಗಿಗೆ ಹಾಕಿದಾಗ ಎದೆ ಸ್ವಲ್ಪ ಉಬ್ಬಿದ್ದು ನಿಜ. ತಗೋ ವಕೀಲ, ನೋಡು.

ಆಫೀಸಿಗೆ ಬಂದವಳೇ ಬಿಲ್ಲನ್ನು ನೋಟಿಸ್ ಬೋರ್ಡಿಗೆ ಹಚ್ಚಿದೆ. ಸಂಘದ ಒಂದು ಪಿನ್ನು ಕೊಂಡರೂ ಅದರ ಬಿಲ್ಲು ಅಲ್ಲಿ ಒಂದು ವಾರ ಇರಬೇಕು, ಸದಸ್ಯರೆಲ್ಲ ನೋಡಬೇಕು. ಸಂಘ ಹುಟ್ಟಿದಾಗಿನ ನಿಯಮ. ಬಾರದವರಿಗಾಗಿ ಫೋಟೋ ತೆಗೆದು ಸಂಘದ ವಾಟ್ಸಾಪ್ ಗ್ರೂಪಿಗೂ ಹಾಕಿದೆ.

ಮಾರ್ಚ್ 13

ರಿಪೇರಿಯವನು ಬಿಡುವು ಮಾಡಿಕೊಂಡು ಇವತ್ತು ಬಂದ. ಡಿಸ್ಕ್ ಕೂರಿಸಿದ, ಓಎಸ್ ಇಳಿಸಿದ. ಕೀ ಹೊಡೆದ. ಮತ್ತೆ ಹೊಡೆದ.

"ಆಕ್ಟಿವೇಟ್ ಆಗ್ತಿಲ್ಲ ಮೇಡಂ. ಈ ಕೀ ಬೇರೆ ಮಿಷನ್ನಲ್ಲಿದೆ ಅಂತಿದೆ."

"ಸೀಲ್ ಒಡೆದದ್ದೇ ನಾನು!"

ಅವನ ಕಣ್ಣು ಮೆಲ್ಲಗೆ ಬೋರ್ಡಿನ ಕಡೆ ಹೋಯಿತು. ಬಿಲ್ಲು. ಬಿಲ್ಲಿನ ಮೇಲೆ ಕೀ. ಅಂಗೈಯಗಲದ ದಪ್ಪ ಅಕ್ಷರ.

"ಮೇಡಂ... ಇದನ್ನ ನೀವು ಬೋರ್ಡಿಗೆ ಅಂಟಿಸಿದ್ರಾ?" ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡ. "ಮನೆಗೆ ಬೀಗ ಹಾಕಿ, ಬೀಗದ ಕೈನ ಬಾಗಿಲಿಗೇ ನೇತುಹಾಕಿದ್ರಲ್ಲ!"

ಗ್ರೂಪಿನಲ್ಲೂ ಹಾಕಿದ್ದೇನೆ ಎಂದು ಹೇಳಲಿಲ್ಲ.

ಓಎಸ್ ಕಂಪನಿಗೆ ಫೋನ್. ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ. ಕೊನೆಗೊಂದು ಗಂಡು ದನಿ: ಆ ಮಿಷನ್ನಿನಿಂದ ತೆಗೆದರೆ ಈ ಮಿಷನ್ನಿಗೆ ಹಾಕಬಹುದು, ಇಲ್ಲವಾದರೆ ಹೊಸದು ಕೊಳ್ಳಿ. ಆ ಮಿಷನ್ ಯಾರ ಮನೆಯಲ್ಲಿದೆ? ಅದನ್ನು ಹೇಳುವ ಹಾಗಿಲ್ಲ. ನಿಮ್ಮ ಸಹನೆಗೆ ಧನ್ಯವಾದ. ಯಾವ ಸಹನೆ? ನನ್ನ ಹತ್ತಿರ ಎಲ್ಲಿ ನೋಡಿದ ಸಹನೆ?

ಇಷ್ಟು ಸದಸ್ಯರಲ್ಲಿ ಯಾರೋ ಒಬ್ಬರು. ನಮ್ಮವರೇ. ಗೇಟಿನಲ್ಲಿ ಭುಜಕ್ಕೆ ಭುಜ ಕೊಟ್ಟು ಘೋಷಣೆ ಕೂಗಿದವರೇ. ಸಂಘದ ಬೆನ್ನಿಗೆ ಚೂರಿ ಹಾಕಿದವರನ್ನು ಸದಸ್ಯತ್ವದಿಂದ ತೆಗೆಯಬೇಕೆಂದು ಠರಾವು ಬರೆದಿಟ್ಟಿದ್ದೇನೆ. ಹೆಸರಿನ ಜಾಗ ಖಾಲಿ.

ಮಾರ್ಚ್ 15

ಗ್ರೂಪಿನಲ್ಲಿ ಬೆಂಕಿ ಕಾರಿದೆ. ತೆಗೆಯುವ ಠರಾವು ಸಿದ್ಧವಿದೆ, ಹೆಸರಷ್ಟೇ ಖಾಲಿ, ಒಪ್ಪಿಕೊಳ್ಳದಿದ್ದರೆ ಪರಿಣಾಮ ನೆಟ್ಟಗಿರುವುದಿಲ್ಲ ಎಂದು ಬರೆದೆ. ಎಲ್ಲರೂ ನೋಡಿದ್ದಾರೆ. ಒಬ್ಬ ಮಾತ್ರ ಕೈಮುಗಿದ ಚಿತ್ರ ಹಾಕಿದ್ದಾನೆ. ಯಾಕೋ ಅವನಿಗೇ ಗೊತ್ತು.

ಅಧ್ಯಕ್ಷರು ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ದುಡಿದವರು. ಪಕ್ಕದಲ್ಲಿದ್ದವರಿಗೂ ಕೂಗಿಯೇ ಹೇಳುತ್ತಾರೆ. "ಏನಮ್ಮಾ, ನಮ್ಮವರ ಹತ್ರ ಮಾತಾಡ್ತಿದೀಯೋ, ಇನ್‌ಸ್ಪೆಕ್ಟರ್ ತರ ಲಾಕಪ್ಪಿಗೆ ಹಾಕ್ತಿದೀಯೋ?"

"ಬಿಲ್ ಹಚ್ಚೋ ನಿಯಮ ಮಾಡಿದ್ದು ನೀವೇ ತಾನೆ?"

"ಹಚ್ಚು ಅಂದೆ. ಕೀ ಮೇಲೊಂದು ಚೀಟಿ ಅಂಟಿಸ್ಬೇಡ ಅಂದ್ನಾ?"

ಬೀದಿಯವರೆಲ್ಲ ಕೇಳಿಸಿಕೊಂಡರು.

ಮಾರ್ಚ್ 18, ಮಧ್ಯಾಹ್ನ

ಫೋನ್ ಬಂತು. ಅಕ್ಕ.

"ಠರಾವಲ್ಲಿ ಹೆಸರು ಖಾಲಿ ಬಿಟ್ಟಿದೀಯಂತೆ. ನಂದು ಬರ್ಕೋ."

ಓಡಿದೆ. ಒಂದೇ ಕೋಣೆ. ಮಂಚದ ಮೇಲೆ ಹಳೇ ಲ್ಯಾಪ್‌ಟಾಪ್, ಮುಚ್ಚಳದ ಒಂದು ಮೂಲೆಗೆ ಇನ್ಸುಲೇಷನ್ ಟೇಪು. ಮುಂದೆ ಅವಳ ತಂಗಿ, ಆಸ್ಪತ್ರೆಯೊಂದರಲ್ಲಿ ರಸೀದಿ ಟೈಪ್ ಮಾಡುವವಳು. ಸೆಕೆಂಡ್ ಹ್ಯಾಂಡ್ ಕೊಂಡದ್ದಂತೆ. ವಕೀಲ ಕಳ್ಳಮಾಲಿನ ಮಾತೆತ್ತಿದ ಮೇಲೆ, ಒಳಗಿದ್ದುದನ್ನು ತೆಗೆಸಿ ಹೊಸದಾಗಿ ಹಾಕಿಸಿ, ಬೋರ್ಡಿನ ಕೀ ಹೊಡೆದಿದ್ದಾರೆ.

ಬೈಯಲೆಂದೇ ಹೋದವಳು. ಬೈದೆ. "ಕೇಳ್ಬಾರ್ದಿತ್ತಾ ಅಕ್ಕ? ಸಂಘದ್ದನ್ನ ಹೀಗೆ—"

"ಸಂಘದ್ದು ಅಂದ್ರೆ ಯಾರದ್ದು?" ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು. "ನಂದೂ ಹೌದು ಅಂತ ನೀನೇ ಅಲ್ವಾ ಭಾಷಣ ಮಾಡಿದ್ದು? ಬೋರ್ಡಿಗೆ ಹಾಕಿದ್ರಿ. ನಮಗೇ ಹಾಕಿದ್ದು ಅಂದ್ಕೊಂಡೆ. ಒಂದೇ ಮಿಷನ್ನಿಗೆ ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಾನು ಹೇಳಿರಲಿಲ್ಲ.

"ಸರಿ. ಈಗ ತೆಗೆದುಬಿಡೋಣ. ಆಫೀಸಿನದಕ್ಕೆ ಹಾಕಿ, ಅಲ್ಲಿ ಕೂತು ನಿನ್ನ ಹೇಳಿಕೆ—"

"ಇಲ್ಲಿ ಮುಗಿದಿದೆ ಅಕ್ಕಾ," ಅಂದಳು ತಂಗಿ. ಪರದೆ ನನ್ನ ಕಡೆ ತಿರುಗಿಸಿದಳು.

ಎಲ್ಲ ಇತ್ತು. ಕಡಾಯಿಯಿಂದ ಹೊಗೆ ಏಳುವ ಹೊತ್ತು, ಕಿಟಕಿಗೆ ಮೊಳೆ ಹೊಡೆದವನು ಯಾರು, ರಕ್ತ ಉಗುಳಿದ ದಿನ ಮೇಸ್ತ್ರಿ ಅದನ್ನು ಕೆಂಪು ಬಣ್ಣ ಅಂದದ್ದು. ನನ್ನ ರೆಕಾರ್ಡಿನಲ್ಲಿ ಈ ಕೊನೆಯದು ಇರಲಿಲ್ಲ. ನಾನು ಕೇಳಿರಲಿಲ್ಲ. ಗಡಿಬಿಡಿಯಲ್ಲಿದ್ದೆ.

"ದಿನಕ್ಕೆ ನಾಲ್ಕು ಸಾಲು ಹೇಳ್ದೆ. ಉಸಿರಿದ್ದಷ್ಟು. ಮೊದಲನೇ ಸಲ ಹೇಳಿದ್ದನ್ನ ನೀವು ಕಳೆದ್ರಿ. ಇದು ನನ್ನ ಹತ್ರಾನೇ ಇರತ್ತೆ. ಮಿಷನ್ನೂ ಇಲ್ಲೇ. ಅಧಿಕಾರಿಗೆ ಬೇಕಂದ್ರೆ ನಾನೇ ಹೊತ್ಕೊಂಡು ಬರ್ತೀನಿ."

ಅಷ್ಟು ಹೇಳಿ ಗೋಡೆಗೆ ಒರಗಿದಳು. ನೀರು ಕೊಟ್ಟೆ. ಕುಡಿದು ಅಂದಳು: "ಠರಾವಲ್ಲಿ ಹೆಸರು ಬರ್ಕೊಂಡ್ಯಾ?"

ಮಾರ್ಚ್ 18, ಸಂಜೆ

ಠರಾವು ಹರಿದೆ. ಅಧ್ಯಕ್ಷರಿಗೆ ಹೇಳಿದೆ. ಕೂಗಿ ನಕ್ಕರು, ಆಮೇಲೆ ಕೂಗದೆ ಕೇಳಿದರು: "ವಕೀಲ ಏನಂತಾನೆ?"

ಏನಂದಾನು? ಸಂಘದ ಹಣ, ಸಂಘದ ಬಿಲ್ಲು, ಸಂಘದ ಸದಸ್ಯೆಯ ಯಂತ್ರ. ಒಂದು ಕೀ, ಒಂದು ಮಿಷನ್. ಅವನ ಕಾನೂನಿನ ಪ್ರಕಾರವೇ ಒಂದು ತಪ್ಪೂ ಇಲ್ಲ. ಸಂಘದ ಕಂಪ್ಯೂಟರ್ ಸುಮ್ಮನೆ ಬಿದ್ದಿರಲಿ, 24ರವರೆಗೆ ಅದನ್ನು ಮುಟ್ಟುವುದಿಲ್ಲ.

ಆದರೆ ಇರುವುದು ಅಕ್ಕನ ಹೇಳಿಕೆ ಒಂದೇ. ಒಬ್ಬಳದ್ದಾದರೆ ಅವಳ ಕಾಯಿಲೆ ಅನ್ನುತ್ತಾರೆ. ಹತ್ತು ಜನರದ್ದಾದರೆ ಮಾತ್ರ ಶೆಡ್ಡಿನ ವಿಷ. ಉಳಿದವರೆಲ್ಲ ಮತ್ತೆ ಬಾಯಿ ಬಿಡಬೇಕು. ಇಬ್ಬರು ಆಗಲೇ ಆಗುವುದಿಲ್ಲ ಅಂದಿದ್ದಾರೆ. ಒಬ್ಬಳ ಗಂಡ ಇನ್ನೂ ಒಳಗೆ ಕೆಲಸದಲ್ಲಿದ್ದಾನೆ.

ಮಾರ್ಚ್ 19

ಮನೆ ಮನೆ ಸುತ್ತಿದೆ. ನಾನು ಮಾತಾಡಿದರೆ ಬಾಗಿಲು ಅರ್ಧ ತೆರೆಯುತ್ತದೆ. "ಅಕ್ಕ ಬರೆಸಿದಾಳೆ" ಅಂದರೆ ಪೂರ್ತಿ. "ಅವಳಿಗೆ ಉಸಿರೆಲ್ಲಿದೆ ಬರೆಸೋಕೆ?" ಅಂತ ಒಬ್ಬಳು. ಬಂದು ನೋಡು ಅಂದೆ. ಆಗುವುದಿಲ್ಲ ಅಂದಿದ್ದವರಲ್ಲಿ ಒಬ್ಬಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಇನ್ನೊಬ್ಬಳು ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ.

ಬೋರ್ಡಿಗೆ ಹೊಸ ನೋಟಿಸ್. ಈ ಸಲ ಗ್ರೂಪಿಗೆ ಹಾಕಿಲ್ಲ, ಬಾಯಿಂದ ಬಾಯಿಗೆ. ಬಣ್ಣದ ಶೆಡ್ಡಿನವರ ಸಭೆ, ಅಕ್ಕನ ಕೋಣೆಯಲ್ಲಿ. ತಂಗಿ ಟೈಪ್ ಮಾಡುತ್ತಾಳೆ. ಹೇಳುವವರು ಹೇಳುವಷ್ಟು ಹೊತ್ತು ಹೇಳಲಿ. ನಾನು ಬಾಗಿಲ ಹತ್ತಿರ ಕೂರುವುದು, ಕೇಳುವುದು. ಆ ನೆಲ ನೋಡಿದವನ ಹೆಂಡತಿ ಬಂದರೆ ಅವಳಿಗೂ ಜಾಗ ಇದೆ. ನೋಟಿಸಿನ ಕೊನೆಯ ಸಾಲು:

ಭಾನುವಾರ, ಮಾರ್ಚ್ 22, ಬೆಳಿಗ್ಗೆ ಹತ್ತು ಗಂಟೆಗೆ